ಒಂದೆಲಗದ ರಸ, ಐದು ದಿನದ ಮೀನು

ಅಮ್ಮ ಶಿರಸಿಯಿಂದ ಒಂದೆಲಗ ಕಳಿಸಿದ್ದಳು. ಬಾಳೆ ಎಲೆಯಲ್ಲಿ ಸುತ್ತಿ, ಮೇಲಿಂದ ಒದ್ದೆ ಬಟ್ಟೆ ಕಟ್ಟಿ, ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟಿದ್ದ ಪಕ್ಕದ ಮನೆಯವರ ಕೈಯಲ್ಲಿ ಕೊಟ್ಟಿದ್ದಳು. ಬೆಳಗ್ಗೆ ಅದನ್ನು ಇಸಿದುಕೊಂಡು ನೇರ ಲ್ಯಾಬಿಗೆ ಹೋದೆ. ಪಿಎಚ್‌ಡಿ ಸೇರಿ ಆಗಿನ್ನೂ ಮೂರು ತಿಂಗಳು. ನೆನಪಿಗೆ ಒಳ್ಳೆಯದು, ತಲೆ ತಂಪು ಮಾಡುತ್ತದೆ ಎಂದು ನಮ್ಮ ಕಡೆ ತಿನ್ನುವ ಸೊಪ್ಪು ಮಿದುಳಿನ ಮೇಲೆ ನಿಜಕ್ಕೂ ಏನು ಮಾಡುತ್ತದೆ ಎಂದು ಜೀಬ್ರಾ ಮೀನಿನಲ್ಲಿ ನೋಡುವುದು ನನಗೆ ಸಿಕ್ಕಿದ ಕೆಲಸ.

ಮೇಡಂ ಕಟ್ಟು ಬಿಚ್ಚಿ ಒಂದು ಎಲೆ ಎತ್ತಿ ಹಿಡಿದರು.

"ಇದು ಏನು?"

"ಬ್ರಾಹ್ಮಿ, ಮೇಡಂ."

"ಯಾವ ಬ್ರಾಹ್ಮಿ?"

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನಮ್ಮ ಮನೆಯಲ್ಲಿ ಬ್ರಾಹ್ಮಿ ಅಂದರೆ ಒಂದೆಲಗವೇ. ದುಂಡಗಿನ ಎಲೆ, ಒಂದು ಕಡೆ ಸೀಳು, ಅಡಿಕೆ ತೋಟದ ಕಾಲುವೆ ಬದಿಯಲ್ಲಿ ನೆಲಕ್ಕೆ ಹಬ್ಬಿಕೊಂಡಿರುತ್ತದೆ. ತುಳುವಿನಲ್ಲಿ ತಿಮರೆ. ವಿಜ್ಞಾನದಲ್ಲಿ ಸೆಂಟೆಲ್ಲಾ ಏಷ್ಯಾಟಿಕಾ. ಆದರೆ ಗ್ರಂಧಿಗೆ ಅಂಗಡಿಗೆ ಹೋಗಿ ಬ್ರಾಹ್ಮಿ ಕೇಳಿದರೆ ಇನ್ನೊಂದು ಗಿಡ ಕೊಟ್ಟರೂ ಕೊಟ್ಟಾರು. ಅದು ನೀರುಬ್ರಾಹ್ಮಿ, ಬಕೋಪಾ ಮೊನ್ನಿಯೇರಿ. ಜೌಗಿನಲ್ಲಿ ಬೆಳೆಯುತ್ತದೆ. ಎಲೆ ಸಣ್ಣದು, ದಪ್ಪ, ಎದುರುಬದುರು ಜೋಡಿ. ಬಿಳಿಯ ಅಥವಾ ತಿಳಿ ನೇರಳೆ ಹೂ. ಎರಡೂ ಬೇರೆ ಬೇರೆ ಕುಟುಂಬದ ಗಿಡಗಳು, ಒಳಗಿರುವ ರಾಸಾಯನಿಕಗಳೂ ಬೇರೆ. ಒಂದೆಲಗದಲ್ಲಿ ಏಷ್ಯಾಟಿಕೋಸೈಡ್, ಮೆಡೆಕಾಸೋಸೈಡ್. ನೀರುಬ್ರಾಹ್ಮಿಯಲ್ಲಿ ಬಕೋಸೈಡ್‌ಗಳು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯವರು 1960ರ ದಶಕದಲ್ಲಿ ಬಕೋಸೈಡ್‌ಗಳ ಮೇಲೆ ಕೆಲಸ ಮಾಡಿದ್ದರು. ಅವರು ಹಿಡಿದದ್ದು ನೀರುಬ್ರಾಹ್ಮಿಯನ್ನು, ನನ್ನ ಅಜ್ಜಿಯ ಸೊಪ್ಪನ್ನಲ್ಲ.

ಅಜ್ಜಿಯ ಸೊಪ್ಪಿಗೂ ಹಳೆಯ ಆಧಾರವಿದೆ. ಚರಕ ಸಂಹಿತೆ ಬುದ್ಧಿಗೆ ಒಳ್ಳೆಯದು ಎಂದು ನಾಲ್ಕು ಔಷಧಿಗಳನ್ನು ಹೇಳುತ್ತದೆ. ಅದರಲ್ಲಿ ಮೊದಲನೆಯದು ಮಂಡೂಕಪರ್ಣಿಯ ರಸ. ಆಮೇಲೆ ಹಾಲಿನ ಜೊತೆ ಜ್ಯೇಷ್ಠಮಧುವಿನ ಪುಡಿ, ಅಮೃತಬಳ್ಳಿಯ ರಸ, ಶಂಖಪುಷ್ಪಿಯನ್ನು ಅರೆದ ಮುದ್ದೆ. ಮಂಡೂಕಪರ್ಣಿ ಅಂದರೆ ಒಂದೆಲಗವೇ ಎಂದು ಇವತ್ತಿನ ಹೆಚ್ಚಿನ ವೈದ್ಯರು ಒಪ್ಪುತ್ತಾರೆ. ಓದುತ್ತಾ ನನಗೆ ತುಂಬಾ ಖುಷಿಯಾಯಿತು. ಆದರೆ ಅಮ್ಮ ಕಳಿಸಿದ ಕಟ್ಟು ಉಪಯೋಗಕ್ಕೆ ಬರಲಿಲ್ಲ. ಬರೀ ಎಲೆ ಇತ್ತು. ಇದು ಇಂಥದೇ ಗಿಡ ಎಂದು ಖಚಿತ ಮಾಡಲು ಬೇರು, ಬಳ್ಳಿ, ಹೂ, ಕಾಯಿ ಎಲ್ಲ ಬೇಕು. ಒಂದೆಲಗದ ಹೂ ಎಷ್ಟು ಸಣ್ಣದೆಂದರೆ, ಇಷ್ಟು ವರ್ಷ ಆ ಸೊಪ್ಪು ತಿಂದರೂ ನಾನು ಅದನ್ನು ನೋಡಿರಲಿಲ್ಲ. ಎಲೆಗಳ ಅಡಿಯಲ್ಲಿ ನೆಲಕ್ಕೆ ಅಂಟಿಕೊಂಡ ಹಾಗೆ ಕೆಂಪು ಛಾಯೆಯ ಚಿಕ್ಕ ಗೊಂಚಲು.

ಮುಂದಿನ ಸಲ ನಾನೇ ಊರಿಗೆ ಹೋಗಿ ಬೇರು ಸಮೇತ ಕಿತ್ತು ತಂದೆ. ಕೆಲವನ್ನು ಪೇಪರಿನ ನಡುವೆ ಒತ್ತಿ ಒಣಗಿಸಿ ಗಿಡ ಗುರುತಿಸುವವರಿಗೆ ಕೊಟ್ಟೆ. ಅವರು ನೋಡಿ, ಹೆಸರು ಬರೆದು, ನಂಬರ್ ಹಾಕಿ, ಹಾಳೆಗೆ ಹೊಲಿದು ಇಟ್ಟುಕೊಂಡರು. ಹತ್ತು ವರ್ಷ ಬಿಟ್ಟು ಯಾರಾದರೂ ನನ್ನ ಕೆಲಸವನ್ನು ಅನುಮಾನಿಸಿದರೆ ಆ ಹಾಳೆ ತೆಗೆದು ನೋಡಬಹುದು. ಸಾಂಪ್ರದಾಯಿಕ ಔಷಧಿಯ ಮೇಲೆ ಕೆಲಸ ಮಾಡಬೇಕೆಂದಿರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಗಿಡ ಯಾವುದು ಎಂದು ಗೊತ್ತಿಲ್ಲದಿದ್ದರೆ ಮುಂದಿನದೆಲ್ಲ ವ್ಯರ್ಥ.

ಅಜ್ಜಿ ಆಗ ಕೇಳಿದ್ದಳು. "ಮೀನಿಗೆ ಎಂತಕ್ಕೆ ಒಂದೆಲಗ?"

ಈ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ.

ಜೀಬ್ರಾ ಮೀನು ನಮ್ಮದೇ ಮೀನು. ಗಂಗೆ, ಬ್ರಹ್ಮಪುತ್ರದ ಬಯಲಿನ ಸಣ್ಣ ತೊರೆ, ಹಳ್ಳ, ಭತ್ತದ ಗದ್ದೆಯ ನೀರಿನಲ್ಲಿ ಇರುವಂಥದ್ದು. ಉದ್ದ 3ರಿಂದ 4 ಸೆಂಟಿಮೀಟರ್. ಮೈಮೇಲೆ ತಲೆಯಿಂದ ಬಾಲದವರೆಗೆ ನೀಲಿ ಗೆರೆಗಳು. ಇದನ್ನು ಮೊದಲು ವಿವರಿಸಿ ಹೆಸರಿಟ್ಟವನು ಫ್ರಾನ್ಸಿಸ್ ಹ್ಯಾಮಿಲ್ಟನ್, 1822ರಲ್ಲಿ, ಗಂಗೆಯ ಮೀನುಗಳ ಬಗ್ಗೆ ಬರೆದ ಪುಸ್ತಕದಲ್ಲಿ. ಅವನ ಮೊದಲಿನ ಹೆಸರು ಬುಕಾನನ್. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು, ಕನ್ನಡ ಜಿಲ್ಲೆ, ಮಲಬಾರು ಸುತ್ತಿ ಬೆಳೆ, ಜಾತಿ, ಗಿಡ, ಕಂದಾಯ ಎಲ್ಲ ಬರೆದುಕೊಂಡ ಅದೇ ಬುಕಾನನ್. ನಮ್ಮ ಊರಿನ ಸುತ್ತಮುತ್ತಲಿನ ಅಡಿಕೆ, ಮೆಣಸಿನ ತೋಟಗಳ ಬಗ್ಗೆಯೂ ಬರೆದವನು. ಇದು ಗೊತ್ತಾದ ದಿನ ಅಪ್ಪನಿಗೆ ಫೋನು ಮಾಡಿ ಹೇಳಿದ್ದೆ.

ಅದು ಪ್ರಯೋಗಾಲಯದ ಮೀನಾದದ್ದು ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದಲ್ಲಿ. ಜಾರ್ಜ್ ಸ್ಟ್ರೈಸಿಂಗರ್ ಎಂಬ ವಿಜ್ಞಾನಿ ವರ್ಷಗಟ್ಟಲೆ ಈ ಮೀನನ್ನು ಸಾಕಿ, 1981ರಲ್ಲಿ ತದ್ರೂಪಿ ಮೀನುಗಳನ್ನು ಪಡೆಯುವ ದಾರಿ ತೋರಿಸಿದ. 2013ರಲ್ಲಿ ಇದರ ಜೀನುಗಳ ಪೂರ್ತಿ ಪಟ್ಟಿ ಪ್ರಕಟವಾಯಿತು. ಮನುಷ್ಯನ ಜೀನುಗಳಲ್ಲಿ ನೂರಕ್ಕೆ ಸುಮಾರು 70 ಪಾಲಿಗೆ ಈ ಮೀನಿನಲ್ಲಿ ಒಂದಾದರೂ ಜೊತೆಗಾರ ಜೀನು ಇದೆ ಎಂದು ಅದರಲ್ಲಿ ಕಂಡಿತು. ಸೆರೊಟೋನಿನ್, ಡೋಪಮೈನ್, ಗಾಬಾ, ನಮ್ಮ ಮಿದುಳು ಬಳಸುವ ಈ ಸಂದೇಶವಾಹಕಗಳನ್ನೆಲ್ಲ ಅದೂ ಬಳಸುತ್ತದೆ. ಐದು ದಿನದ ಮರಿಯ ಉದ್ದ ಸುಮಾರು 4 ಮಿಲಿಮೀಟರ್. ಅದರ ಮಿದುಳಿನಲ್ಲಿ ಸುಮಾರು 1 ಲಕ್ಷ ನರಕೋಶ. ಮರಿ ಪಾರದರ್ಶಕ. ಹಾಗಾಗಿ ಜೀವಂತ ಇರುವಾಗಲೇ ಮಿದುಳು ಕೆಲಸ ಮಾಡುವುದನ್ನು ಮೈಕ್ರೋಸ್ಕೋಪಿನಲ್ಲಿ ನೋಡಬಹುದು. ಒಂದು ಸೊಪ್ಪಿನ ಸಾರದಲ್ಲಿ ಹತ್ತಾರು ಪದಾರ್ಥಗಳಿರುತ್ತವೆ. ಎಲ್ಲವನ್ನೂ ಇಲಿಗೆ ಕೊಟ್ಟು ನೋಡಲು ಕೈ ತುಂಬ ಸಾರ ಬೇಕು. ಮೀನಿನ ಮರಿಗೆ ಕೆಲವು ಹನಿ ನೀರಿನಲ್ಲಿ ಚಿಟಿಕೆಗಿಂತ ಎಷ್ಟೋ ಕಡಿಮೆ ಸಾಕು.

ಇಷ್ಟನ್ನೂ ಅಜ್ಜಿಗೆ ಹೇಗೆ ಹೇಳುವುದು? "ಅದರ ತಲೆ ಒಳಗೆ ಕಾಣ್ತದೆ ಅಜ್ಜಿ" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಪ" ಎಂದಳು. ಆ ಮಾತು ನನ್ನ ಜೊತೆ ಬೆಂಗಳೂರಿಗೆ ಬಂತು.

ಮೀನಿನ ಕೋಣೆಯಲ್ಲಿ ಯಾವಾಗಲೂ ಬೆಚ್ಚಗಿರುತ್ತದೆ. ನೀರಿನ ಬಿಸಿ 28.5 ಡಿಗ್ರಿ. 14 ಗಂಟೆ ಬೆಳಕು, 10 ಗಂಟೆ ಕತ್ತಲು, ಗಡಿಯಾರಕ್ಕೆ ಕಟ್ಟಿದ ದೀಪ. ಅಲ್ಲಿ ಮೀನು ನೋಡಿಕೊಳ್ಳುವ ಅಣ್ಣ ಒಬ್ಬರಿದ್ದಾರೆ. ನನಗೆ ಗಂಡು ಹೆಣ್ಣು ಗುರುತಿಸಲು ಕಲಿಸಿದವರು ಅವರೇ. "ಹೊಟ್ಟೆ ನೋಡಮ್ಮಾ. ಹೆಣ್ಣಿಗೆ ಹೊಟ್ಟೆ ದುಂಡಗೆ, ಮೈ ಬೆಳ್ಳಗೆ. ಗಂಡು ಸಪೂರ, ಸ್ವಲ್ಪ ಹಳದಿ." ಸಂಜೆ ಒಂದು ಸಣ್ಣ ತೊಟ್ಟಿಯಲ್ಲಿ ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ, ನಡುವೆ ಪಾರದರ್ಶಕ ಪಟ್ಟಿ ಇಟ್ಟು ಬಿಡಬೇಕು. ಬೆಳಗ್ಗೆ ದೀಪ ಹತ್ತಿದ ತಕ್ಷಣ ಪಟ್ಟಿ ತೆಗೆಯಬೇಕು. ಹೊರಗಿನ ಹಳ್ಳದಲ್ಲಿ ಇವು ಬೆಳಗಾಗುವಾಗ ಮೊಟ್ಟೆ ಇಡುತ್ತವೆ, ಇಲ್ಲಿ ದೀಪವೇ ಬೆಳಗು. ಗಂಡು ಹೆಣ್ಣನ್ನು ಅಟ್ಟಿಸಿಕೊಂಡು ಹೋಗುತ್ತದೆ. ಸ್ವಲ್ಪ ಹೊತ್ತಿಗೆ ತೊಟ್ಟಿಯ ತಳದ ಜಾಲರಿಯ ಕೆಳಗೆ ಸಾಸಿವೆಗಿಂತ ಸಣ್ಣ, ಗಾಜಿನಂಥ ಮಣಿಗಳು. ಜಾಲರಿ ಯಾಕೆಂದರೆ, ಇಲ್ಲದಿದ್ದರೆ ಅವೇ ತಿಂದುಬಿಡುತ್ತವೆ.

ಆ ಮೊಟ್ಟೆಗಳನ್ನು ಸೋಸಿ, ಲವಣ ಬೆರೆಸಿದ ನೀರಿಗೆ ಹಾಕಿ, ಬೂಸ್ಟು ಬರದಂತೆ ಚೂರು ಮಿಥಿಲೀನ್ ಬ್ಲೂ ಸೇರಿಸಿ, ಬೆಳ್ಳಗಾಗಿ ಸತ್ತವನ್ನು ಒಂದೊಂದಾಗಿ ಆರಿಸಿ ತೆಗೆಯಬೇಕು. ನಿಧಾನದ ಕೆಲಸ. ಮೊದಲ ಸಲ ನಾನು ಆರಿಸುವುದನ್ನು ಮರೆತು ಮೈಕ್ರೋಸ್ಕೋಪಿನ ಮುಂದೆ ಕೂತುಬಿಟ್ಟೆ. ಒಂದು ಕೋಶ ಎರಡಾಯಿತು. ಎರಡು ನಾಲ್ಕಾಯಿತು. ಕಣ್ಣೆದುರೇ, ಕಾಲು ಗಂಟೆಗೊಂದು ಸಲ. ಮಾರನೆಯ ದಿನ ಬೆಳಗ್ಗೆ ನೋಡಿದರೆ ಕಣ್ಣು ಇದೆ, ಬಾಲ ಇದೆ, ಹೃದಯ ಬಡಿಯುತ್ತಿದೆ. ಬರೀ 24 ಗಂಟೆ! ಮೊಟ್ಟೆಯ ಒಳಗೇ ಮೈ ಸುರುಳಿ ಮಾಡಿ ಮಿಸುಕುತ್ತದೆ. ಎರಡು ಮೂರನೆಯ ದಿನಕ್ಕೆ ಹೊರಗೆ ಬರುತ್ತದೆ. ಐದನೆಯ ದಿನಕ್ಕೆ ತನ್ನ ಪಾಡಿಗೆ ಈಜುತ್ತದೆ, ಬೇಟೆಗೆ ಕಣ್ಣು ಹಾಯಿಸುತ್ತದೆ. ಎರಡು ವರ್ಷವಾಯಿತು, ನನಗೆ ಇದು ಇವತ್ತಿಗೂ ಹಳೆಯದಾಗಿಲ್ಲ.

ಪ್ರಯೋಗಕ್ಕೆ ಮೊದಲು ಪ್ರಾಣಿಗಳ ಬಗ್ಗೆ ಇರುವ ನೀತಿ ಸಮಿತಿಗೆ ಅರ್ಜಿ ಬರೆಯಬೇಕು. ಪ್ರಾಣಿ ಇಲ್ಲದೆ ಇದು ಆಗುವುದಿಲ್ಲವೇ? ಇಷ್ಟೊಂದು ಬೇಕೇ? ನೋವು ಕಡಿಮೆ ಮಾಡಲು ಏನು ಮಾಡುತ್ತೀರಿ? ಕೊನೆಗೆ ಅವುಗಳನ್ನು ಹೇಗೆ ಮುಗಿಸುತ್ತೀರಿ? ಮೊದಲು ಆ ಹಾಳೆಗಳನ್ನು ತುಂಬಿ ಮುಗಿಸಿದರೆ ಸಾಕು ಎನಿಸಿತ್ತು. ಬರೆಯುತ್ತಾ ಬರೆಯುತ್ತಾ ಅಜ್ಜಿಯ "ಪಾಪ" ನೆನಪಾಯಿತು. ಒಂದೊಂದು ಉತ್ತರವನ್ನೂ ಎರಡು ಮೂರು ಸಲ ತಿದ್ದಿದೆ. ಎಷ್ಟು ಮೀನು ಎಂಬ ಲೆಕ್ಕವನ್ನು ಸುಮ್ನೆ ಅಂದಾಜಿಗೆ ಬರೆಯಬಾರದು. ಕಡಿಮೆಯಾದರೆ ಫಲಿತಾಂಶ ನಂಬುವ ಹಾಗಿರುವುದಿಲ್ಲ, ಆಗ ಆ ಮೀನುಗಳೂ ದಂಡ. ಜಾಸ್ತಿಯಾದರೆ ಅನ್ಯಾಯ.

ಸಾರ ಮಾಡುವುದನ್ನು ಬೇಗ ಹೇಳಿಬಿಡುತ್ತೇನೆ. ಸೊಪ್ಪನ್ನು ತೊಳೆದು, ನೆರಳಿನಲ್ಲಿ ಒಣಗಿಸಿ, ಪುಡಿ ಮಾಡಿ, ನೀರಿನಲ್ಲಿ ನೆನೆಸಿ, ಸೋಸಿ, ಹೆಪ್ಪುಗಟ್ಟಿಸಿ ಒಣಗಿಸುವ ಯಂತ್ರಕ್ಕೆ ಹಾಕಿದೆ. ಕೊನೆಗೆ ಸಿಕ್ಕಿದ್ದು ಕಂದು ಪುಡಿ. ಗಾಳಿಗೆ ಇಟ್ಟರೆ ಬೆಲ್ಲದ ಹಾಗೆ ಅಂಟಾಗುತ್ತದೆ. ಚರಕ ಹೇಳಿದ್ದು ಹಸಿ ರಸ. ನಾನು ಮಾಡಿದ್ದು ಒಣ ಎಲೆಯ ಸಾರ. ಎರಡೂ ಒಂದೇ ಅಲ್ಲ, ಅದನ್ನು ನನ್ನ ಲ್ಯಾಬ್ ಪುಸ್ತಕದಲ್ಲಿ ಮೊದಲ ಪುಟದಲ್ಲೇ ಬರೆದಿಟ್ಟಿದ್ದೇನೆ.

ಆಮೇಲೆ ನಿಜವಾದ ಕೆಲಸ ಶುರುವಾಯಿತು. 96 ಸಣ್ಣ ಗುಂಡಿಗಳಿರುವ ಪ್ಲಾಸ್ಟಿಕ್ ತಟ್ಟೆ. ಗುಂಡಿಗೊಂದು ಮರಿ. ಕೆಲವಕ್ಕೆ ಬರೀ ನೀರು, ಕೆಲವಕ್ಕೆ ಬೇರೆ ಬೇರೆ ಪ್ರಮಾಣದ ಸಾರ, ಕೆಲವಕ್ಕೆ ಗಾಬರಿ ಕಡಿಮೆ ಮಾಡುವ ಡಯಾಜೆಪಾಮ್ ಎಂಬ ಔಷಧಿ. ಡಯಾಜೆಪಾಮ್ ಏನು ಮಾಡುತ್ತದೆ ಎಂದು ಮೊದಲೇ ಗೊತ್ತು, ನಮ್ಮ ಅಳತೆ ಸರಿ ಇದೆಯೇ ಎಂದು ಅದರಿಂದ ತಿಳಿಯುತ್ತದೆ. ತಟ್ಟೆಯನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಹತ್ತು ನಿಮಿಷ ಬೆಳಕು, ಹತ್ತು ನಿಮಿಷ ಕತ್ತಲು ಮಾಡುತ್ತಾ ಹೋಗುತ್ತೇವೆ. ಕ್ಯಾಮೆರಾ ಇನ್‌ಫ್ರಾರೆಡ್ ಬೆಳಕಿನಲ್ಲಿ ನೋಡುತ್ತದೆ, ಅದು ಮೀನಿಗೆ ಕಾಣದು. ದೀಪ ಆರಿದ ತಕ್ಷಣ ಆರೋಗ್ಯವಾಗಿರುವ ಮರಿಗಳು ಗಾಬರಿಯಿಂದ ಜೋರಾಗಿ ಈಜಾಡುತ್ತವೆ. ನಿಧಾನಕ್ಕೆ ಸಮಾಧಾನವಾಗುತ್ತವೆ. ಗಾಬರಿ ಕಡಿಮೆ ಮಾಡುವ ಔಷಧಿ ಇದ್ದರೆ ಆ ಓಡಾಟವೂ ಕಡಿಮೆ.

ಮೊದಲ ಫಲಿತಾಂಶ ಬಂದ ಸಂಜೆ ನಾನು ಕುಣಿಯುವುದೊಂದು ಬಾಕಿ. ಜಾಸ್ತಿ ಸಾರ ಹಾಕಿದ ಗುಂಡಿಗಳಲ್ಲಿ ಕೆಲವು ಮರಿ ಸತ್ತಿದ್ದವು. ಅದಕ್ಕಿಂತ ಕಡಿಮೆ ಇದ್ದಲ್ಲಿ ಸತ್ತಿರಲಿಲ್ಲ, ಕತ್ತಲಾದಾಗ ಓಡಾಟ ಚೆನ್ನಾಗಿ ಇಳಿದಿತ್ತು. ಗ್ರಾಫಿನಲ್ಲಿ ಅವುಗಳ ಗೆರೆ ಡಯಾಜೆಪಾಮಿನ ಗೆರೆಯ ಹತ್ತಿರ ಬಂದಿತ್ತು. ಒಂದೆಲಗ ಮೀನನ್ನು ಶಾಂತ ಮಾಡಿತು! ಚಿತ್ರ ತೆಗೆದುಕೊಂಡು ಮೇಡಂ ಹತ್ತಿರ ಓಡಿದೆ.

ಅವರು ತುಂಬಾ ಹೊತ್ತು ನೋಡಿದರು.

"ಇವು ಸಮಾಧಾನವಾಗಿವೆಯೋ, ಹುಷಾರಿಲ್ಲವೋ?"

"ಬದುಕಿವೆ ಮೇಡಂ."

"ಬದುಕಿವೆ, ಸರಿ. ಬಾಲ ಮುಟ್ಟಿ ನೋಡಿದ್ದೀಯಾ?"

ಇರಲಿಲ್ಲ. ಮಾರನೆಯ ದಿನ ಹೊಸ ತಟ್ಟೆ ಮಾಡಿ, ಅದೇ ಪ್ರಮಾಣ ಹಾಕಿ, ತೆಳ್ಳಗಿನ ತುದಿಯಿಂದ ಒಂದೊಂದು ಮರಿಯ ಬಾಲವನ್ನು ಮುಟ್ಟುತ್ತಾ ಹೋದೆ. ಹುಷಾರಾಗಿರುವ ಮರಿ ಮುಟ್ಟಿದ ಕೂಡಲೇ ಮೈ ಬಿಲ್ಲಿನ ಹಾಗೆ ಬಾಗಿಸಿ ಛಂಗನೆ ಹಾರುತ್ತದೆ. ಮಿದುಳಿನ ಹಿಂಭಾಗದಲ್ಲಿ ಮೌತ್ನರ್ ಕೋಶ ಎಂಬ ಒಂದು ಜೋಡಿ ದೊಡ್ಡ ನರಕೋಶಗಳಿವೆ, ಆ ಹಾರುವಿಕೆಯನ್ನು ಹೊರಡಿಸುವಲ್ಲಿ ಅವುಗಳ ಪಾತ್ರ ದೊಡ್ಡದು. ಕಣ್ಣು ಮಿಟುಕಿಸುವುದರೊಳಗೆ ಮೀನು ಅಲ್ಲಿರುವುದಿಲ್ಲ. ನೀರಿನ ಗುಂಡಿಯವು ಹಾಗೇ ಹಾರಿದವು. ಸಾರದ ಗುಂಡಿಯವು ಒಂದು ಸಲ ಸುಸ್ತಾಗಿ ಬಾಲ ಅಲ್ಲಾಡಿಸಿದವು. ಕೆಲವು ಅದನ್ನೂ ಮಾಡಲಿಲ್ಲ. ಹೃದಯದ ಬಡಿತ ಎಣಿಸಿದರೆ ಅದೂ ನಿಧಾನ.

ಅವಕ್ಕೆ ಹುಷಾರಿರಲಿಲ್ಲ. ನಾನು ಅದನ್ನು ನೆಮ್ಮದಿ ಎಂದು ಓದಿದ್ದೆ.

ಆ ರಾತ್ರಿ ಹಾಸ್ಟೆಲಿನಲ್ಲಿ ನಿದ್ದೆ ಬರಲಿಲ್ಲ. ತಟ್ಟೆಯನ್ನೇ ನೆನೆಯುತ್ತಿದ್ದೆ. ಸಾರವನ್ನು ಪಿಪೆಟ್ಟಿನಲ್ಲಿ ಕಲೆಸುವಾಗ ಮೇಲೆ ಸಣ್ಣ ನೊರೆ ಬರುತ್ತಿತ್ತು. ನೊರೆ. ಆಗ ಊರಿನ ಹೊಳೆ ನೆನಪಾಯಿತು. ಬೇಸಿಗೆಯಲ್ಲಿ ಹೊಳೆ ಬತ್ತಿ ಗುಂಡಿಗಳಾದಾಗ ಹುಡುಗರು ಕಾರೆಕಾಯಿ ಜಜ್ಜಿ ನೀರಿಗೆ ಹಾಕುತ್ತಿದ್ದರು. ನೀರು ನೊರೆಯಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮೀನುಗಳು ಅಮಲೇರಿದ ಹಾಗೆ ಮೇಲೆ ಬಂದು ತೇಲುತ್ತಿದ್ದವು. ಕೈಯಲ್ಲೇ ಹಿಡಿಯಬಹುದಿತ್ತು. ಆ ಮೀನನ್ನು ಜನ ತಿನ್ನುತ್ತಿದ್ದರು, ಅವರಿಗೇನೂ ಆಗುತ್ತಿರಲಿಲ್ಲ.

ಕಾರೆಕಾಯಿಯಲ್ಲಿರುವುದು ಸಪೋನಿನ್. ಅಂಟುವಾಳದ ಕಾಯಿಗೆ ನೊರೆ ಬರಿಸುವುದೂ ಅದೇ ಜಾತಿಯ ಪದಾರ್ಥ. ನೀರಿನಲ್ಲಿ ಕರಗಿದ ಸಪೋನಿನ್ ಮೀನಿನ ಕಿವಿರಿನ ತೆಳು ಪೊರೆಯನ್ನು ಕೆಡಿಸುತ್ತದೆ. ಮೀನಿಗೆ ಉಸಿರು ಸಾಕಾಗುವುದಿಲ್ಲ. ನಮ್ಮ ಹೊಟ್ಟೆಗೆ ಹೋದರೆ ಅದು ಇದ್ದ ಹಾಗೇ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಇನ್ನು ಒಂದೆಲಗದ ಏಷ್ಯಾಟಿಕೋಸೈಡ್ ಏನು? ಅದೂ ಒಂದು ಸಪೋನಿನ್. ನೀರುಬ್ರಾಹ್ಮಿಯ ಬಕೋಸೈಡ್‌ಗಳೂ ಸಪೋನಿನ್‌ಗಳೇ. ಪುಸ್ತಕದಲ್ಲಿ ಇದನ್ನು ನಾನು ಎಷ್ಟೋ ಸಲ ಓದಿದ್ದೆ. ಹೊಳೆಯ ಗುಂಡಿಯನ್ನೂ ನೋಡಿದ್ದೆ. ಎರಡನ್ನೂ ಸೇರಿಸಿ ಯೋಚಿಸಿರಲಿಲ್ಲ ಅಷ್ಟೆ.

ನಾವು ಒಂದೆಲಗ ತಿಂದಾಗ ಏಷ್ಯಾಟಿಕೋಸೈಡ್‌ನ ಸಕ್ಕರೆಯ ಭಾಗ ಹೊಟ್ಟೆಯೊಳಗೆ ಕಳಚಿ ಏಷ್ಯಾಟಿಕ್ ಆಮ್ಲವಾಗುತ್ತದೆ. ರಕ್ತಕ್ಕೆ ಹೋಗುವುದು ಮುಖ್ಯವಾಗಿ ಅದು. ಅಜ್ಜಿಯ ತಂಬುಳಿಯ ದಾರಿಯೇ ಬೇರೆ, ನನ್ನ ಗುಂಡಿಯ ನೀರಿನ ದಾರಿಯೇ ಬೇರೆ. ಮೀನಿನ ಮರಿ ಆ ಸಾರದಲ್ಲಿ ಮುಳುಗಿಯೇ ಇರುತ್ತದೆ. ಚರ್ಮದಿಂದ, ಕಿವಿರಿನಿಂದ, ಬಾಯಿಯಿಂದ, ಎಲ್ಲ ಕಡೆಯಿಂದ ಒಳಗೆ ಹೋಗುತ್ತದೆ. ಅಲ್ಲಿಂದ ಮಿದುಳಿಗೆ ಹೋಗಲು ಇನ್ನೊಂದು ಬೇಲಿ ಇದೆ. ರಕ್ತಕ್ಕೂ ಮಿದುಳಿಗೂ ನಡುವಿನ ಆ ತಡೆ ಜೀಬ್ರಾ ಮೀನಿನಲ್ಲಿ ಮೂರನೆಯ ದಿನದಿಂದಲೇ ಕಟ್ಟಿಕೊಳ್ಳಲು ಶುರುವಾಗುತ್ತದೆ.

ಮೇಡಂಗೆ ಕಾರೆಕಾಯಿಯ ಕಥೆ ಹೇಳಿದೆ. ಅವರು ಬೆಂಗಳೂರಲ್ಲೇ ಹುಟ್ಟಿ ಬೆಳೆದವರು, ಕೇಳಿರಲಿಲ್ಲ. "ಇದನ್ನು ನಿನ್ನ ಥೀಸಿಸ್‌ನ ಮೊದಲ ಅಧ್ಯಾಯದಲ್ಲಿ ಬರಿ" ಎಂದರು. ಆಮೇಲೆ ಸರ್ಪಗಂಧಿಯ ವಿಷಯ ತೆಗೆದರು. ಆ ಮಧ್ಯಾಹ್ನದ ಮಾತು ನನ್ನ ಇಡೀ ಕೆಲಸದ ದಿಕ್ಕು ಬದಲಿಸಿತು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಸರ್ಪಗಂಧಿಯ ಬೇರನ್ನು ನಮ್ಮ ದೇಶದಲ್ಲಿ ಹುಚ್ಚಿಗೆ, ನಿದ್ದೆ ಬಾರದವರಿಗೆ ಬಹಳ ಕಾಲದಿಂದ ಕೊಡುತ್ತಿದ್ದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಇದರ ಬಗ್ಗೆ ಬರೆದರು. ರಕ್ತದೊತ್ತಡಕ್ಕೂ ಆಗುತ್ತದೆ ಎಂದು ಮುಂಬೈನ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬರೆದದ್ದು ಹೊರದೇಶದವರ ಕಣ್ಣಿಗೂ ಬಿತ್ತು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಅದರಿಂದ ರೆಸರ್ಪಿನ್ ಬೇರ್ಪಡಿಸಿದರು. ಪ್ರಾಣಿಗೆ ಕೊಟ್ಟರೆ ಪೂರ್ತಿ ಸುಮ್ಮನಾಗುತ್ತಿತ್ತು. ಯಾಕೆ? ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರ ಹೊತ್ತಿಗೆ ಮೊಲಗಳಿಗೆ ರೆಸರ್ಪಿನ್ ಕೊಟ್ಟು ನೋಡಿದ. ಮೊಲಗಳು ಕಿವಿ ಇಳಿಬಿಟ್ಟು ಅಲ್ಲಾಡದೆ ಕೂತವು. ಆಮೇಲೆ ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಎಲ್-ಡೋಪಾ ಕೊಟ್ಟ. ಮೊಲಗಳು ಎದ್ದು ಓಡಾಡಿದವು. ರೆಸರ್ಪಿನ್ ಅವುಗಳ ಮಿದುಳಿನ ಡೋಪಮೈನನ್ನು ಬರಿದು ಮಾಡಿತ್ತು. ಡೋಪಮೈನ್ ಸ್ವತಃ ಒಂದು ಸಂದೇಶವಾಹಕ ಎಂದು ಗೊತ್ತಾದದ್ದು ಹೀಗೆ. ಪಾರ್ಕಿನ್ಸನ್ ಕಾಯಿಲೆಗೆ ಇವತ್ತಿಗೂ ಕೊಡುವ ಎಲ್-ಡೋಪಾದ ಹಿಂದೆ ಈ ಮೊಲಗಳಿವೆ. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು.

"ಆ ಮೊಲಗಳು ಶಾಂತವಾಗಿದ್ದವಾ?" ಮೇಡಂ ಕೇಳಿದರು. "ಅವಕ್ಕೆ ಅಲ್ಲಾಡಲು ಆಗುತ್ತಿರಲಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ, ಅಲ್ವಾ?"

ಜೀಬ್ರಾ ಮೀನಿಗೂ ರೆಸರ್ಪಿನ್ ಕೊಟ್ಟು ನೋಡಿದ್ದಾರೆ. ಬೆಳೆದ ಮೀನನ್ನು ಹೊಸ ತೊಟ್ಟಿಗೆ ಬಿಟ್ಟರೆ ಮೊದಲು ತಳಕ್ಕೆ ಇಳಿದು ಅಡಗುತ್ತದೆ. ಭಯ ಕಡಿಮೆಯಾದ ಮೇಲೆ ಮೆಲ್ಲಗೆ ಮೇಲೆ ಬಂದು ಸುತ್ತಾಡುತ್ತದೆ. ರೆಸರ್ಪಿನ್ ಕೊಟ್ಟು ಒಂದು ವಾರವಾದ ಮೇಲೆ ನೋಡಿದರೆ ಮೀನು ಜಡವಾಗಿರುತ್ತದೆ. ನಮ್ಮ ಮರಿಗಳ ಚಿತ್ರವನ್ನು ಅದರ ಪಕ್ಕದಲ್ಲಿಟ್ಟು ನೋಡಿದಾಗ ನನಗೆ ಮೈ ಜುಮ್ಮೆಂದಿತು. ಒಂದು ಔಷಧಿ ನೆಮ್ಮದಿ ಕೊಡುತ್ತಿದೆಯೋ, ಮೈಯನ್ನೇ ಕುಗ್ಗಿಸುತ್ತಿದೆಯೋ ಎಂದು ಬೇರ್ಪಡಿಸಿ ನೋಡದಿದ್ದರೆ ಎಂಥ ಮಾತು ಹೇಳಿಬಿಡಬಹುದಿತ್ತು! ಅದೂ ನಮ್ಮ ಮನೆಯ ಸೊಪ್ಪಿನ ಹೆಸರಿನಲ್ಲಿ.

ಮತ್ತೆ ಮೊದಲಿನಿಂದ ಶುರು ಮಾಡಿದೆವು. ಈ ಸಲ ಮಿದುಳಿನ ಮಾತು ಕೊನೆಗೆ. ಮೊದಲು ಯಾವ ಪ್ರಮಾಣದಲ್ಲಿ ಮರಿಯ ಮೈಗೆ ಏನೂ ಆಗುವುದಿಲ್ಲ ಎಂದು ನೋಡುವುದು. ಹೃದಯದ ಬಡಿತ, ಎದೆಯ ಹತ್ತಿರ ಊತ, ಬೆನ್ನು ಸೊಟ್ಟಗಾಗುವುದು, ಮುಟ್ಟಿದರೆ ಹಾರುವುದು. ಇವೆಲ್ಲ ಬರೀ ನೀರಿನ ಮರಿಗಳ ಹಾಗೇ ಇದ್ದರೆ ಮಾತ್ರ ಆ ಪ್ರಮಾಣ ಕತ್ತಲ ಪರೀಕ್ಷೆಗೆ. ಹೀಗೆ ಮಾಡಿದಾಗ ನಾನು ಮೊದಲು ಸಂಭ್ರಮ ಪಟ್ಟ ಪ್ರಮಾಣ ಪಟ್ಟಿಯಿಂದಲೇ ಹೊರಗೆ ಹೋಯಿತು.

ಸಣ್ಣ ಸಣ್ಣ ಸಂಗತಿಗಳು ಎಷ್ಟು! ಸಾರ ಹಾಕಿದರೆ ನೀರು ಸ್ವಲ್ಪ ಹುಳಿಯಾಗುತ್ತದೆ, ಅದನ್ನು ಸರಿ ಮಾಡದಿದ್ದರೆ ಮೀನು ಹುಳಿಗೆ ತಡವರಿಸುತ್ತದೆ, ಸೊಪ್ಪಿಗಲ್ಲ. ಸಾರದ ಕಂದು ಬಣ್ಣ ಬೆಳಕನ್ನು ತಡೆಯುತ್ತದೆ. ಬೆಳಕು ಕತ್ತಲಿನ ಪರೀಕ್ಷೆಯಲ್ಲಿ ಅದು ದೊಡ್ಡ ಮಾತು. ಹಾಗಾಗಿ ಮರಿಗಳನ್ನು ಸಾರದಲ್ಲಿ ಕೆಲವು ಗಂಟೆ ಇಟ್ಟು, ಆಮೇಲೆ ತೊಳೆದು, ಶುದ್ಧ ನೀರಿಗೆ ಹಾಕಿ ನೋಡತೊಡಗಿದೆವು. ಬೆಳಗ್ಗೆ ಒಂದು ಗುಂಪು, ಮಧ್ಯಾಹ್ನ ಇನ್ನೊಂದು ಗುಂಪು ಮಾಡಬಾರದು, ಮೀನಿನ ಚುರುಕು ಹೊತ್ತಿನ ಜೊತೆ ಬದಲಾಗುತ್ತದೆ. ಅಂಚಿನ ಗುಂಡಿಗಳಲ್ಲಿ ನೀರು ಬೇಗ ಆರುತ್ತದೆ. ಒಂದು ದಿನ ಪಕ್ಕದಲ್ಲಿ ಕಟ್ಟಡದ ಕೆಲಸ ಶುರುವಾಗಿ ಡ್ರಿಲ್ಲಿನ ಅದುರುವಿಕೆಗೆ 96 ಮರಿಗಳೂ ಒಟ್ಟಿಗೆ ಹಾರಿದವು. ಆ ದಿನದ ಲೆಕ್ಕ ಪೂರ್ತಿ ಬಿಟ್ಟೆವು. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಗುಂಡಿಯಲ್ಲಿ ಏನಿದೆ ಎಂದು ಈಗ ನನಗೇ ಗೊತ್ತಿರುವುದಿಲ್ಲ. ಜೊತೆಯಲ್ಲಿ ಕೆಲಸ ಮಾಡುವ ಅಕ್ಕ ಶೀಶೆಗಳಿಗೆ ಅಕ್ಷರ ಬರೆದು ಕೊಡುತ್ತಾಳೆ. ಎಣಿಸಿ ಮುಗಿದ ಮೇಲೆ ಚೀಟಿ ತೆಗೆಯುತ್ತೇವೆ. ನನಗೆ ಒಂದೆಲಗದ ಮೇಲೆ ಪ್ರೀತಿ ಜಾಸ್ತಿ. ಪ್ರೀತಿ ಇರುವವರು ಎಣಿಸುವಾಗ ಕಣ್ಣು ಮುಚ್ಚಿರಬೇಕು.

ಫಿಟ್ಸ್ ಪರೀಕ್ಷೆ ಮಾಡುವುದು ನನಗೆ ತುಂಬಾ ಕಷ್ಟ. ಫಿಟ್ಸ್ ಬರಿಸುವ ಪಿಟಿಝಡ್ ಎಂಬ ರಾಸಾಯನಿಕ ಹಾಕಿದರೆ ಮರಿಗಳು ಮೊದಲು ಜೋರಾಗಿ ಈಜುತ್ತವೆ, ಆಮೇಲೆ ಸುಳಿಯ ಹಾಗೆ ಸುತ್ತುತ್ತವೆ, ಕೊನೆಗೆ ಮೈ ಸೆಟೆದು ಪಕ್ಕಕ್ಕೆ ಬೀಳುತ್ತವೆ. ಮೂರ್ಛೆ ರೋಗದ ಔಷಧಿಗಳನ್ನು ಮೊದಲ ಸುತ್ತಿನಲ್ಲಿ ಆರಿಸಲು ಇದು ಬಹಳ ಉಪಯೋಗವಾಗಿದೆ. ಅರಿಶಿನದ ಎಣ್ಣೆಯಲ್ಲಿರುವ ಟರ್ಮೆರೋನ್‌ಗಳು ಈ ಸೆಳೆತವನ್ನು ಕಡಿಮೆ ಮಾಡುತ್ತವೆ ಎಂದು ಬೆಲ್ಜಿಯಮ್ಮಿನ ಲ್ಯೂವೆನ್ ವಿಶ್ವವಿದ್ಯಾಲಯದ ತಂಡ ಮೊದಲು ಕಂಡದ್ದು ಜೀಬ್ರಾ ಮೀನಿನ ಮರಿಯಲ್ಲೇ, ಆಮೇಲೆ ಇಲಿಯಲ್ಲಿ. ನಮ್ಮ ಬೀದಿಯಲ್ಲಿ ಫಿಟ್ಸ್ ಬರುತ್ತಿದ್ದ ಒಬ್ಬ ಹುಡುಗನಿದ್ದ. ಅವನನ್ನು ಹಿಡಿದುಕೊಂಡು ಅವನಮ್ಮ ಅಳುತ್ತಿದ್ದುದನ್ನು ನೋಡಿದ್ದೇನೆ. ಆ ಪರೀಕ್ಷೆ ಮಾಡುವ ದಿನ ಅವನು ನೆನಪಾಗುತ್ತಾನೆ, ಅಜ್ಜಿಯೂ ನೆನಪಾಗುತ್ತಾಳೆ. ಮುಗಿದ ಕೂಡಲೇ ಮರಿಗಳನ್ನು ಅರಿವಳಿಕೆಯ ದ್ರವದಲ್ಲಿ ಬಿಡುತ್ತೇನೆ. ಆ ಕೆಲಸವನ್ನು ಇನ್ನೊಬ್ಬರಿಗೆ ಹೇಳಿಲ್ಲ. ನಾನೇ ಮಾಡುತ್ತೇನೆ.

ಈಗ ಎಲ್ಲಿಗೆ ಬಂದಿದ್ದೇನೆ? ಮೈಗೆ ತೊಂದರೆ ಕೊಡದ ಸಣ್ಣ ಪ್ರಮಾಣದಲ್ಲಿ ಕತ್ತಲ ಗಾಬರಿಯ ಮೇಲೆ ಸಾರದ ಪರಿಣಾಮ ಮೊದಲಿನಷ್ಟು ದೊಡ್ಡದಾಗಿ ಕಾಣುತ್ತಿಲ್ಲ. ಕೆಲವು ತಟ್ಟೆಗಳಲ್ಲಿ ಕಾಣುತ್ತದೆ, ಕೆಲವಲ್ಲಿ ಇಲ್ಲ. ಈಗ ಪೂರ್ತಿ ಸಾರದ ಬದಲು ಏಷ್ಯಾಟಿಕ್ ಆಮ್ಲವನ್ನೇ ಕೊಟ್ಟು ನೋಡುತ್ತಿದ್ದೇನೆ, ನಮ್ಮ ರಕ್ತಕ್ಕೆ ಹೋಗುವುದು ಅದೇ ಅಲ್ವಾ. ನೆನಪಿನ ವಿಷಯ ಇನ್ನೂ ದೂರ. ಐದು ದಿನದ ಮರಿಗೆ ಮತ್ತೆ ಮತ್ತೆ ತಟ್ಟಿದರೆ, ಇದರಿಂದ ಅಪಾಯವಿಲ್ಲ ಎಂದು ಕಲಿತು ಹಾರುವುದನ್ನು ಬಿಡುತ್ತದೆ. ಅದೊಂದು ಬಗೆಯ ಕಲಿಕೆ. ಆದರೆ ನಮ್ಮ ಹಾಗೆ ಮಡಿಕೆ ಮಡಿಕೆಯಾದ ಹೊರಮಿದುಳು ಅದಕ್ಕಿಲ್ಲ. ಮಗ್ಗಿ ನೆನಪಿಡುವ ಮಗುವಿನ ಬಗ್ಗೆ ಅದರಿಂದ ನೇರವಾಗಿ ಏನೂ ಹೇಳಲಾಗದು.

ಕಳೆದ ಸಲ ಊರಿಗೆ ಹೋದಾಗ ಅಜ್ಜಿ ಒಂದೆಲಗದ ತಂಬುಳಿ ಮಾಡಿದ್ದಳು. ಜೀರಿಗೆ, ಕಾಳುಮೆಣಸು ತುಪ್ಪದಲ್ಲಿ ಹುರಿದು, ಕಾಯಿ ಹಾಕಿ ಅರೆದು, ಮಜ್ಜಿಗೆ ಬೆರೆಸಿದ ತಂಬುಳಿ. ಊಟಕ್ಕೆ ಕೂತಾಗ ಕೇಳಿದಳು.

"ಮೀನಿಗೆ ಬುದ್ಧಿ ಬಂತಾ?"

"ಗೊತ್ತಿಲ್ಲ ಅಜ್ಜಿ. ಜಾಸ್ತಿ ಹಾಕಿದರೆ ಕಾರೆಕಾಯಿ ಹಾಕಿದ ಹಾಗೆ ಆಗ್ತದೆ."

ಅಜ್ಜಿ ಬಡಿಸುವುದನ್ನು ನಿಲ್ಲಿಸಿದಳು. "ಹೌದಾ? ಮತ್ತೆ ನಾವು ತಿಂತೇವಲ್ಲ?"

ಹೊಟ್ಟೆಯಲ್ಲಿ ಅದು ಬೇರೆಯಾಗುತ್ತದೆ, ನೀರಲ್ಲಿ ಮುಳುಗಿದ ಮೀನಿಗೆ ಹಾಗಾಗುವುದಿಲ್ಲ ಎಂದು ನಿಧಾನಕ್ಕೆ ಹೇಳಿದೆ. ಗಮನ ಕೊಟ್ಟು ಕೇಳಿದಳು. ಆಮೇಲೆ ಅವಳೇ ಒಂದು ವಿಷಯ ಹೇಳಿದಳು. ಮಕ್ಕಳಿಗೆ ಒಂದೆಲಗವನ್ನು ದಿನಾ ಕೊಡುತ್ತಿರಲಿಲ್ಲವಂತೆ. ಮಳೆಗಾಲ ಮುಗಿದ ಮೇಲೆ, ಬೆಳಗ್ಗೆ, ಒಂದೆರಡು ಎಲೆ, ಅದೂ ಸ್ವಲ್ಪ ದಿನ. "ಜಾಸ್ತಿ ಆದ್ರೆ ತಲೆ ಭಾರ" ಎಂದು ಅವಳ ಅತ್ತೆ ಹೇಳುತ್ತಿದ್ದರಂತೆ. ಅದನ್ನು ನಾನು ಪುಸ್ತಕದಲ್ಲಿ ಬರೆದುಕೊಂಡೆ, ತಾರೀಖು ಹಾಕಿ, ಯಾರು ಹೇಳಿದ್ದು ಎಂದೂ ಬರೆದೆ.

ಹೋದ ವಾರ ಊರಿನಿಂದ ಇನ್ನೊಂದು ಕಟ್ಟು ಬಂತು. ಈ ಸಲ ಬಾಳೆ ಎಲೆ ಇರಲಿಲ್ಲ. ಹಳೆಯ ಪೇಪರಿನ ಹಾಳೆಗಳ ನಡುವೆ ಒತ್ತಿಟ್ಟ ಐದು ಬಳ್ಳಿಗಳು. ಬೇರಿನ ಮಣ್ಣು ತೊಳೆದಿತ್ತು. ಒಂದೊಂದರಲ್ಲೂ ಎಲೆಯನ್ನು ಸ್ವಲ್ಪ ಸರಿಸಿ, ಅಡಿಯ ಆ ಸಣ್ಣ ಹೂ ಕಾಣುವ ಹಾಗೆ ಇಟ್ಟಿದ್ದರು. ಯಾವ ಕಾಲುವೆಯ ಪಕ್ಕದ್ದು, ಯಾವತ್ತು ಕಿತ್ತದ್ದು ಎಂದು ಅಮ್ಮನ ಅಕ್ಷರದಲ್ಲಿ ಚೀಟಿ. ಹೂ ಕಾಣುವ ಹಾಗೆ ಇಡಿಸಿದ್ದು ಅಜ್ಜಿಯಂತೆ.